ಏನೂ ಹಾಕದ ಟೊಂಗೆ

ಹಾರೆ ಹಿಡಿದು ಬಂದ ಚಂದ್ರಕಾಂತ ಮಾಸ್ತರರಿಗೂ ದಾಸವಾಳದ ಗಿಡಕ್ಕೂ ನಡುವೆ ಸೊಸೆ ಸಾನಿಕಾ ಅಡ್ಡ ನಿಂತಳು. ನೌಬಾದದ ಆ ಮನೆಯಲ್ಲಿ ಮಾಸ್ತರರ ಎದುರು ಹಾಗೆ ನಿಂತವರು ಇಲ್ಲಿತನಕ ಯಾರೂ ಇರಲಿಲ್ಲ. ಗಿಡದ ಟೊಂಗೆಗಳ ತುಂಬ ಕಂದು ಹುರುಕು ಹತ್ತಿತ್ತು. ನೋಡಲಿಕ್ಕೆ ಹುರುಕು ಅಷ್ಟೆ, ಕೆರೆದು ನೋಡಿದರೆ ಚಿಪ್ಪಿನ ಕೆಳಗೆ ಗಿಡದ ರಸ ಹೀರುತ್ತ ಕೂತ ಹುಳ. ಎಲೆಯೆಲ್ಲ ಅಂಟಂಟು, ಆ ಸಿಹಿ ಅಂಟಿಗೆ ಇರುವೆಗಳ ಸಾಲು ಬೇರೆ.

"ಬಾಜೂಕ ಸರಿಯವಾ. ನಾಳಿ ಈ ಹುಳಾ ನನ್ನ ಲಿಂಬಿ ಗಿಡಕ್ಕ ಹತ್ತಿದ್ರ ಯಾರು ಜವಾಬ್ದಾರ?"

"ಮಾವಾರ, ಇದು ಭಾಲ್ಕಿಂದ ನಮ್ಮವ್ವ ಕೊಟ್ಟ ಟೊಂಗಿ. ಲಗ್ನಾಗಿ ಬರುವಾಗ ಉಡ್ಯಾಗ ಕಟಗೊಂಡು ಬಂದು ಹಚ್ಚೀನಿ. ಕೀಳಬ್ಯಾಡ್ರಿ. ನಾ ಇಲಾಜ ಮಾಡ್ತೇನಿ."

ತವರಿನ ಉಡಿಯ ಮಾತು ಬಂದ ಮೇಲೆ ಮಾಸ್ತರರು ಹಾರೆಯನ್ನು ಗೋಡೆಗೆ ಆನಿಸಿದರು. ಆದರೆ ಶರತ್ತು ಹಾಕದೆ ಬಿಡುವ ಮನುಷ್ಯರಲ್ಲ. "ಎಳ್ಳಮಾಸಿ ಹಬ್ಬದ ತನಕ ಟೈಮ್ ಕೊಟ್ಟೀನಿ. ಆಮ್ಯಾಲ ಇಡೀ ಗಿಡದಾಗ ಒಂದ ಹುಳಾ ಕಂಡ್ರೂ ಕೀಳೂದೇ."

ಇಲಾಜ ಎಂದರೆ ಸಾಕು, ಮನೆಗೊಬ್ಬರು ಡಾಕ್ಟರು. ಅತ್ತೆ ಅನಸೂಯಾಬಾಯಿ ಹುಳಿ ಮಜ್ಜಿಗೆ ಬಿಟ್ಟರೆ ಬೇರೆ ದವಾ ಇಲ್ಲ ಅಂದರು. ಪಕ್ಕದ ಮನೆಯ ತರನ್ನುಮ ಕಂಪೌಂಡಿನ ಆಚೆಯಿಂದಲೇ ತಂಬಾಕು ನೆನೆಸಿದ ನೀರು ಅಂದಳು. ಸಾನಿಕಾಳದು ಸಾಬೂನು ನೀರಿನಲ್ಲಿ ಕಲಸಿದ ಬೇವಿನೆಣ್ಣೆ. ಯಾರೂ ಸೋಲಲಿಕ್ಕೆ ತಯಾರಿಲ್ಲ. ಕಡೆಗೆ ಬಿ.ಎಸ್ಸಿ. ಓದಿದ ಸಾನಿಕಾಳೇ ತೀರ್ಮಾನ ಕೊಟ್ಟಳು. ಗಿಡಕ್ಕೆ ನಾಲ್ಕು ದೊಡ್ಡ ಟೊಂಗೆ, ಮೂವರಿಗೂ ಒಂದೊಂದು. "ಈ ನಾಕನೇದಕ್ಕ ಯಾರೂ ಏನೂ ಹಾಕಬಾರದ್ರಿ. ಅಂದ್ರೇ ಯಾವ ಇಲಾಜ ಖರೇ, ಯಾವುದು ಸುಳ್ಳು ಗೊತ್ತಾಗ್ತದ."

ಪೇಪರಿನ ಹಿಂದಿನಿಂದ ಮಾಸ್ತರರ ದನಿ ಬಂತು. "ಭೇಷ್. ಅಂದ್ರ ಆ ಟೊಂಗಿ ಮ್ಯಾಲ ಹುಳಾ ಹಂಗೇ ಉಳೀತಾವ. ನನ್ನ ಶರತ್ತು ಇಡೀ ಗಿಡದ್ದು."

ಸಾನಿಕಾ ನಾಲಗೆ ಕಚ್ಚಿಕೊಂಡಳು. ಅತ್ತೆ ಸೊಸೆಯ ಪರವಾಗಿ ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಕೈ ಎತ್ತಿ ತಡೆದರು. "ಆಕೀನ ಹೇಳ್ಯಾಳ. ಹೇಳಿದ ಮಾತು ತಿರುಗಸಬ್ಯಾಡ್ರಿ."

ಇಲಾಜ ಸುರುವಾಯಿತು. ಮಜ್ಜಿಗೆಯ ವಾಸನೆಗೆ ಓಣಿಯ ಬೆಕ್ಕುಗಳು ಬಂದು ಟೊಂಗೆ ನೆಕ್ಕಿ ಹೋದವು. ತಂಬಾಕಿನ ನೀರಿಗೆ ನಾಲ್ಕಾರು ಎಲೆ ಸುಟ್ಟು ಮುದುಡಿದವು. ಬೇವಿನೆಣ್ಣೆಯ ನಾತಕ್ಕೆ ಸಾನಿಕಾಳಿಗೇ ತಲೆನೋವು. ಆದರೂ ಮೂರೂ ಟೊಂಗೆ ದಿನದಿನಕ್ಕೆ ಸಾಫಾಗುತ್ತ ಬಂದವು. ನಾಲ್ಕನೆಯದರ ಕಡೆ ಕಣ್ಣೆತ್ತಿ ನೋಡುವ ಧೈರ್ಯ ಸಾನಿಕಾಳಿಗೆ ಆಗಲಿಲ್ಲ. ತನ್ನ ಕೈಯಾರೆ ತವರಿನ ಗಿಡ ಕಳೆದುಕೊಂಡೆ ಎಂಬ ಸಂಕಟದಲ್ಲಿ ಒಂದು ದಿನ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಳು. ಉಪ್ಪು ಕಡಿಮೆಯಾದರೆ ತಾಟು ದೂಡುವ ಮಾಸ್ತರರು ಅಂದು ಅದನ್ನೇ ಪೂರಾ ಉಂಡು ಎದ್ದು ಹೋದರು.

ಎಳ್ಳಮಾಸಿಯ ಹಿಂದಿನ ದಿನ ಒಳಗೆ ಹಬ್ಬದ ಭಜ್ಜಿ ಪಲ್ಯಕ್ಕೆ ಕಾಳು ನೆನೆ ಹಾಕಿ ಎಲ್ಲರೂ ಗಿಡದ ಸುತ್ತ ಸೇರಿದರು. ಮಾಸ್ತರರು ಚಷ್ಮಾ ಏರಿಸಿ ಮಜ್ಜಿಗೆಯ ಟೊಂಗೆ ನೋಡಿದರು, ಸಾಫ್. ತಂಬಾಕಿನದು, ಅದೂ ಸಾಫ್. ಬೇವಿನೆಣ್ಣೆಯದೂ ಸಾಫ್.

"ನೋಡ್ರಿ ನನ್ನ ಮಜ್ಜಿಗಿ," ಎಂದು ಅನಸೂಯಾಬಾಯಿ ಸೆರಗು ಸರಿಮಾಡಿಕೊಂಡರು.

ತರನ್ನುಮಳಿಗೆ ನಗು ತಡೆಯಲಾಗಲಿಲ್ಲ. "ಖಾಲಾ, ಸುಳ್ಳ್ಯಾಕ ಹೇಳ್ಲಿ. ನೀವು ಜಳಕಕ್ಕ ಹೋದಾಗೆಲ್ಲ ಬಂದು ಹಳೇ ಬ್ರಶ್ಶಿಲೆ ನನ್ನ ಟೊಂಗಿ ತಿಕ್ಕೀನ್ರಿ."

"ಅಯ್ಯ, ನೀ ಒಬ್ಬಾಕೀನ ಏನು? ನಾನೂ ಹಸಿ ಅರಿವಿಲೆ ಒರಸೀನಿ," ಅಂದರು ಅನಸೂಯಾಬಾಯಿ.

ಇಬ್ಬರೂ ಸಾನಿಕಾಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿದಳು. "ನಾನೂ ಕೆರದೀನ್ರಿ ಅತ್ಯಾ, ಕಡ್ಡಿಲೆ." ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂವರೂ ಮೋಸ ಮಾಡಿದ ಮೇಲೆ ಯಾವ ದವಾ ಗೆದ್ದಿತೆಂದು ಯಾರು ಹೇಳಬೇಕು.

ಮಾಸ್ತರರು ಮಾತ್ರ ನಗಲಿಲ್ಲ. ಏನೂ ಹಾಕದ ಟೊಂಗೆಯ ಕಡೆ ಬಗ್ಗಿದರು. ನಗು ತಟ್ಟನೆ ನಿಂತಿತು. ಸಾನಿಕಾ ಅತ್ತೆಯ ಕೈ ಹಿಡಿದುಕೊಂಡಳು. ಅವರು ಒಂದೊಂದೇ ಎಲೆ ಮಗುಚಿ ನೋಡಿದರು, ಬುಡದತನಕ ನೋಡಿದರು, ಆಮೇಲೆ ನೆಟ್ಟಗೆ ನಿಂತರು.

"ಇಲ್ಲ."

"ಏನಿಲ್ರಿ ಮಾವಾರ?"

"ಹುಳಾ. ಒಂದೂ ಇಲ್ಲ."

ಸಾನಿಕಾ ಓಡಿ ಬಂದು ಟೊಂಗೆ ಹಿಡಿದು ನೋಡಿದಳು. ಖರೇ, ತೊಳೆದಿಟ್ಟ ಹಾಗಿತ್ತು. ಅತ್ತೆ ದೇವರಾಣೆ ತಾನಲ್ಲ ಅಂದರು. ತರನ್ನುಮ ಖುದಾ ಕಸಮ್ ತಾನಲ್ಲ ಅಂದಳು.

"ಮತ್ತ ಯಾರು?"

"ಯಾರಿಗೆ ಗೊತ್ತು. ಏನೂ ಹಾಕಲಾರದಕ್ಕ ತಾವೇ ಬ್ಯಾಸತ್ತು ಹೋಗಿರಬೇಕು," ಎಂದು ಮಾಸ್ತರರು ಕಟ್ಟೆಯ ಮೇಲೆ ಕೂತರು. "ಗಿಡಾ ಇರಲಿ. ಚಹಾ ತಾರವಾ."

ಸಾನಿಕಾ ಕುಣಿಯುತ್ತಲೇ ಒಳಗೆ ಹೋದಳು, ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದಳು. ಮಾಸ್ತರರು ಕಪ್ಪಿಗೆ ಕೈ ಚಾಚಿದಾಗ ಅವರ ಉಗುರುಗಳ ಸಂದಿಯಲ್ಲೆಲ್ಲ ಕಂದು ಅಂಟು ಗಟ್ಟಿಯಾಗಿ ಕೂತಿತ್ತು. ಅವಳು ಕಪ್ಪನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ಮದಲ ಕೈ ತೊಳಕೋರಿ, ಮಾವಾರ."