ಟಗರು ಆರಿಸುವ ಕೈ

"ಇದೇ!" ಎಂದು ಸಣ್ಣಬೀರಪ್ಪ ದೊಡ್ಡ ಫಟಫಟಿಯ ಬೆನ್ನಿಗೊಂದು ಪೆಟ್ಟು ಕೊಟ್ಟ. ಪಕ್ಕದಲ್ಲಿ ಸಣ್ಣದೊಂದು ನಿಂತಿತ್ತು. ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎರಡೂ ಶಿಕಾರಿಪುರದ ಸೈಕಲ್ ಅಂಗಡಿಯ ಧರ್ಮಪ್ಪ ಶಿವಮೊಗ್ಗದಿಂದ ತಂದಿಟ್ಟಿದ್ದ ಹಳೆಯ ಮೋಟಾರು ಸೈಕಲ್ಲುಗಳು. ದೊಡ್ಡದು ಮಿಲಿಟರಿಯವರು ಓಡಿಸಿ ಬಿಟ್ಟದ್ದು.

"ಬೀರಪ್ಪಣ್ಣ, ಮೊದಲ್ನೇ ಗಾಡಿ ಅಲ್ಲೇನು? ಸಣ್ಣದೇ ಬೇಷು," ಎಂದ ಧರ್ಮಪ್ಪ. "ಕೂತ್ರೆ ಎರಡೂ ಕಾಲು ನೆಲಕ್ಕೆ ಊರ್ತಾವು."

"ಹೆಸರಿನಾಗೆ ಸಣ್ಣ ಐತಿ ಅಂತ ಗಾಡೀನೂ ಸಣ್ಣದು ಕೊಡ್ತೀಯೇನಯ್ಯ? ಇದರ ಎದೆ ನೋಡು! ದನಿ ಕೇಳು! ಸೊರಬ, ಶಿಕಾರಿಪುರ ಎರಡೂ ತಾಲೂಕಿನಾಗೆ ಟಗರು ಆರಿಸ್ಬೇಕು ಅಂದ್ರೆ ಯಾರನ್ನ ಕರ್ಕೊಂಡ್ ಹೋಗ್ತಾರೆ, ಹೇಳು ನೋಡಾನ?"

ಅದೇನೂ ಬಡಾಯಿಯಲ್ಲ. ಮಂದೆಯ ನಡುವೆ ನಿಂತು ಅವನು ಬೆರಳು ತೋರಿಸಿದ ಟಗರನ್ನು ಯಾರೂ ವಾಪಸು ತಂದದ್ದಿಲ್ಲ. ಆ ಹೆಸರೇ ಅವನ ಆಸ್ತಿ. ತೊಗರ್ಸಿಯಲ್ಲಿದ್ದ ದೊಡ್ಡಪ್ಪನ ಮಗ ಕೆಂಪಪ್ಪನೆದುರು ಮೀಸೆ ತಿರುವಿ, "ಫಟಫಟಿನೂ ನಾನೇ ಆರಿಸ್ತೀನಿ, ಜಿಲ್ಲೆಗೇ ದೊಡ್ಡದು ತರ್ತೀನಿ" ಎಂದು ಬೇರೆ ಹೇಳಿ ಬಂದಿದ್ದ. ಈಗ ಸಣ್ಣದು ಹತ್ತಿ ಹೋದರೆ ಕೆಂಪಪ್ಪ ಸುಮ್ಮನಿರುವ ಆಸಾಮಿಯೇ? ಮಂದೆ ಮೇಯುವಲ್ಲೆಲ್ಲ ಡಂಗುರ ಸಾರಿಬಿಡುತ್ತಾನೆ.

ಜೊತೆಗೆ ಬಂದಿದ್ದ ಹೆಂಡತಿ ದ್ಯಾಮಮ್ಮ ಗಾಡಿಯನ್ನೊಮ್ಮೆ, ಗಂಡನ ಕಾಲನ್ನೊಮ್ಮೆ ನೋಡಿದಳು. "ಒಂದ್ಸಲ ಹೊಡ್ದು ನೋಡ್ರಿ, ಆಮ್ಯಾಲೆ ಹೇಳ್ರಿ" ಎಂದಳು.

ಧರ್ಮಪ್ಪ ಗಾಡಿಯನ್ನು ಊರ ಹೊರಗಿನ ಕಣಕ್ಕೆ ತಂದು ಪಾಠ ಹೇಳಿದ. ಇದು ಕ್ಲಚ್ಚು, ಬ್ರೇಕು ಕಾಲಿನಲ್ಲಿ, ಬಲಗೈಯ ಹಿಡಿಯನ್ನು ನಿಮ್ಮ ಕಡೆ ತಿರುವಿದರೆ ಓಡುತ್ತದೆ. ಸಣ್ಣಬೀರಪ್ಪ "ಹ್ಞೂಂ, ಹ್ಞೂಂ" ಎನ್ನುತ್ತಲೇ ಕಚ್ಚೆ ಬಿಗಿದು, ರುಮಾಲು ಸುತ್ತಿ ಹತ್ತಿಯೇಬಿಟ್ಟ. ಕಾಲಿನ ತುದಿಬೆರಳಷ್ಟೇ ನೆಲ ಮುಟ್ಟಿತು. ಗಾಡಿ ಗುಡುಗಿತು, ಮುಗ್ಗರಿಸಿತು, ಹೊರಟಿತು. ಅಬ್ಬಬ್ಬಾ, ಅವನ ಖುಷಿಯೇ! ಕಣದ ಆ ತುದಿಯಲ್ಲೊಂದು ಹುಲ್ಲಿನ ಬಣವೆ ಇದ್ದದ್ದು ಹತ್ತಿರ ಬಂದಾಗಲೇ ಕಣ್ಣಿಗೆ ಬಿತ್ತು.

ನಿಲ್ಲಿಸಬೇಕು. ಟಗರು ಮುನ್ನುಗ್ಗಿದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡೂ ಕೊಂಬು ಹಿಡಿದು ಎದೆಗೆ ಎಳೆದುಕೊಳ್ಳುವುದು. ಹ್ಯಾಂಡಲ್ಲಿನ ಎರಡೂ ತುದಿಯನ್ನು ಬಿಗಿಯಾಗಿ ಹಿಡಿದು ಜಗ್ಗಿದ. ಬಲಗೈಯ ಹಿಡಿ ಅವನ ಕಡೆ ತಿರುಗಿತು. ಗಾಡಿ ಇನ್ನೂ ಜೋರಾಗಿ ನುಗ್ಗಿತು. "ಹೋ! ಹೋ!" ಎಂದು ಮತ್ತಷ್ಟು ಜಗ್ಗಿದ, ಅದು ಮತ್ತಷ್ಟು ನುಗ್ಗಿತು. "ಬಿಡ್ರೀ, ಕೈ ಬಿಡ್ರೀ!" ಎಂದು ಧರ್ಮಪ್ಪ ಬಾಯಿ ಬಾಯಿ ಬಡಿದುಕೊಂಡ. ಹಿಡಿದ ಕೊಂಬನ್ನು ಬಿಡುವುದುಂಟೇ? ಗಾಡಿಯೂ ಸವಾರನೂ ಒಟ್ಟಿಗೇ ಬಣವೆಯೊಳಗೆ ಹೊಕ್ಕರು.

"ಅಯ್ಯೋ ನನ್ನಪ್ಪಾ, ಬೀರದೇವ್ರೇ!" ಎಂದು ದ್ಯಾಮಮ್ಮ ಓಡಿದಳು. ಹುಲ್ಲಿನೊಳಗಿಂದ ಮೊದಲು ರುಮಾಲು ಸಿಕ್ಕಿತು, ಆಮೇಲೆ ಗಂಡ. ಮೈಗೆ ಏನೂ ಆಗಿಲ್ಲವೆಂದು ತಿಳಿದ ಮೇಲೆ ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅಡ್ಡಬಿದ್ದ ಗಾಡಿಯನ್ನು ಎತ್ತಲು ಸಣ್ಣಬೀರಪ್ಪ ಒಬ್ಬನೇ ಹೆಣಗಿದ, ಆಗಲಿಲ್ಲ. ಮೂವರೂ ಕೈಹಾಕಬೇಕಾಯಿತು.

"ಗಾಡಿ ಚಲೋ ಐತಿ," ಎಂದ ಅವನು, ಮೀಸೆಯೊಳಗಿನ ಹುಲ್ಲು ತೆಗೆಯುತ್ತ. "ನಾ ಆರಿಸಿದ್ದು ತಪ್ಪಲ್ಲ."

"ಯಾರು ತಪ್ಪು ಅಂದ್ರು?" ದ್ಯಾಮಮ್ಮ ಅವನ ಬೆನ್ನು ಕೊಡವಿದಳು. "ಒಂದು ಕೇಳ್ತೀನಿ, ಹೇಳ್ರಿ. ಹೊಸದಾಗಿ ಕುರಿ ಕಟ್ಟೋನಿಗೆ ನೀವು ಎಂಥಾ ಟಗರು ಆರಿಸಿ ಕೊಡ್ತೀರಿ?"

"ಎರಡು ಹಲ್ಲಿಂದು." ಹಲ್ಲು ನೋಡಿಯೇ ಕುರಿಯ ವಯಸ್ಸು ಹೇಳುವವನ ಬಾಯಿಂದ ಉತ್ತರ ತಾನಾಗಿಯೇ ಬಂತು. "ಆಗಷ್ಟೇ ಹರೇಕ್ಕೆ ಬಂದದ್ದು. ಅದೂ ಕಲೀತೈತಿ, ಅವನೂ ಕಲೀತಾನೆ. ಕಾಳಗದ ಟಗರು ಕೊಟ್ರೆ ಮೊದಲ್ನೇ ದಿನಾನೇ ಅವನ್ನ ಗುದ್ದಿ..."

ಅವನು ಬಣವೆಯ ಕಡೆ ನೋಡಿದ. ಅಂಗಡಿಗೆ ಮರಳಿದವನೇ ನೇರವಾಗಿ ಸಣ್ಣ ಗಾಡಿಯ ಮೇಲೆ ಹೋಗಿ ಕುಳಿತ. ಎರಡೂ ಪಾದ ನೆಲಕ್ಕೆ ಊರಿದವು. "ಇದನ್ನೇ ಕೊಡಯ್ಯ," ಎಂದು ಅದರ ಬೆನ್ನಿಗೂ ಒಂದು ಪೆಟ್ಟು ಕೊಟ್ಟ, ಈ ಸಲ ಮೆಲ್ಲಗೆ.

ದಿನಾ ಬೆಳಿಗ್ಗೆ ಕಣದಲ್ಲಿ ಸುತ್ತಿ ಸುತ್ತಿ ಕೈ ಪಳಗಿದ ಮೇಲೆ, ದ್ಯಾಮಮ್ಮನನ್ನು ಹಿಂದೆ ಕೂರಿಸಿಕೊಂಡು ಸೊರಬದ ದಾರಿ ಹಿಡಿದ. ತೊಗರ್ಸಿ ಕಡೆಗೆ ತಿರುಗುವಲ್ಲಿ ರಸ್ತೆ ತುಂಬ ಕುರಿ. ಅವುಗಳ ನಡುವೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದವನು ಬೇರೆ ಯಾರೂ ಅಲ್ಲ, ಕೆಂಪಪ್ಪನೇ! ದ್ಯಾಮಮ್ಮ ಕಣ್ಣು ಮುಚ್ಚಿ ಗಂಡನ ಅಂಗಿ ಹಿಡಿದುಕೊಂಡಳು. ಸಣ್ಣಬೀರಪ್ಪ ಬಲಗೈ ಸಡಿಲಿಸಿ ಬ್ರೇಕು ಒತ್ತಿದ. ಮೊದಲ ಕುರಿ ಇನ್ನೂ ಒಂದು ಮಾರು ದೂರವಿರುವಾಗಲೇ ಗಾಡಿ ನಿಂತಿತು.

ಕೆಂಪಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದ. "ಏನೋ ತಮ್ಮಾ, ಜಿಲ್ಲೆಗೇ ದೊಡ್ಡದು ತರ್ತೀನಿ ಅಂದಿದ್ಯಲ್ಲ? ಸಿಗ್ಲಿಲ್ಲೇನು?"

"ಸಿಕ್ಕಿತ್ತಣ್ಣ. ಭಾರೀ ಚಲೋ ಇತ್ತು." ಸಣ್ಣಬೀರಪ್ಪ ಎರಡೂ ಕಾಲು ಊರಿಕೊಂಡು ನೆಟ್ಟಗೆ ಕುಳಿತ. "ಆದ್ರೆ ಸವಾರ ಇನ್ನೂ ಎರಡು ಹಲ್ಲಿನೋನು!"

ಎನ್ನುತ್ತ, ಎಲೆಯಡಿಕೆಗೆ ಕೆಂಪಾದ ಬಾಯಿಯ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕ.