ಉಸಿರಿನ ಅಂಕಿ

“ಇಪ್ಪತ್ತಾರು,” ಎಂದಳು ನರ್ಸ್. ಸಿಗರೇಟು ಬಿಟ್ಟು ನಲವತ್ತು ದಿನವಾಯಿತು ಎಂದಿದ್ದ ಡ್ರೈವರ್, ಊದುವ ಕೊಳವೆಯನ್ನು ಬಾಯಿಂದ ತೆಗೆದು ಹೆಂಡತಿಯ ಮುಖ ನೋಡಿದ. ಅವನ ತೋಳಿನಲ್ಲಿ ಚಟ ಬಿಡಿಸಲು ಕೊಟ್ಟ ನಿಕೋಟಿನ್ ಪಟ್ಟಿ ಅಂಟಿಕೊಂಡೇ ಇತ್ತು. ಉಸಿರಿನಲ್ಲಿರುವ ಹೊಗೆಯ ವಿಷವನ್ನು ಅಳೆಯುವ ಆ ಯಂತ್ರದಲ್ಲಿ, ಸಿಗರೇಟು ಬಿಟ್ಟವರ ಅಂಕಿ ಆರು ದಾಟಬಾರದು.

“ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದ್ರಿ,” ಎಂದಳು ಹೆಂಡತಿ.

“ಮಗಳ ಮೇಲಾಣೆ, ಒಂದು ದಮ್ಮೂ ಎಳೆದಿಲ್ಲ ಕಣೇ. ಯಂತ್ರ ಕೆಟ್ಟಿದೆ.”

“ಕೊಡಿ ಸಿಸ್ಟರ್, ನಾನು ಊದ್ತೀನಿ. ಜನ್ಮದಲ್ಲಿ ಸಿಗರೇಟು ಮುಟ್ಟಿದವಳಲ್ಲ. ಸೊನ್ನೆ ಬರಲಿ, ಆಮೇಲೆ ಇವರಿಗಿದೆ.”

ನರ್ಸ್ ಹೊಸ ಕೊಳವೆ ಸಿಕ್ಕಿಸಿಕೊಟ್ಟಳು. ಹೆಂಡತಿ ಊದಿದಳು. ಅಂಕಿ ಹತ್ತು ದಾಟಿ, ಇಪ್ಪತ್ತು ದಾಟಿ, ಇಪ್ಪತ್ತೆಂಟಕ್ಕೆ ನಿಂತಿತು. ಡ್ರೈವರ್‌ಗೆ ಹೋದ ಜೀವ ಬಂದಂತಾಯಿತು. “ನೋಡಿದ್ಯಾ? ನಿನ್ನನ್ನೂ ಸೇದೋಳು ಅಂತಿದೆ.” ನರ್ಸ್ ನಗಲಿಲ್ಲ. ಇನ್ನೊಂದು ಕೊಳವೆ ಹಾಕಿ ತಾನೇ ಊದಿದಳು. ಯಂತ್ರ ‘ಒಂದು’ ಎಂದು ತೋರಿಸಿತು.

“ಮನೇಲಿ ಗ್ಯಾಸ್ ಗೀಸರ್ ಇದೆಯಾ? ಗಾಳಿ ಆಡದಿದ್ರೆ ಅದರಿಂದಲೂ ಇದೇ ವಿಷ ತುಂಬಿಕೊಳ್ಳುತ್ತೆ.”

“ಬಚ್ಚಲಲ್ಲೇ ಇದೆ,” ಎಂದ ಡ್ರೈವರ್. “ಚಳಿ ಅಂತ ಹೋದ ವಾರ ನಾನೇ ಕಿಟಕಿಗೆ ರಟ್ಟು ಹೊಡೆದೆ.”

“ಈಗ ಮನೇಲಿ ಯಾರಿದ್ದಾರೆ?”

ಹೆಂಡತಿ ಗೋಡೆ ಗಡಿಯಾರ ನೋಡಿದಳು. “ಮಗಳು. ಸ್ನಾನಕ್ಕೆ ಹೋಗಿರ್ತಾಳೆ.”

ಡ್ರೈವರ್ ಆಗಲೇ ಫೋನನ್ನು ಕಿವಿಗಿಟ್ಟಿದ್ದ. ಅದು ರಿಂಗಾಗುತ್ತಲೇ ಇತ್ತು.