ಕಡಲರಾಣಿಯ ಹಣೆ

“ಅದು ಕುಂಕುಮ ರೀ, ಧೂಳಲ್ಲ. ಒರೆಸಿದಷ್ಟೂ ಹರಡತೈತಿ. ಕೈ ತೆಗೀರಿ ಮೊದ್ಲು!”

ಗಾಯತ್ರಿ ಗಂಡನ ಕೈಯಿಂದ ಹತ್ತಿ ಕಿತ್ತುಕೊಂಡಳು. ಮಲ್ಲೇಶ ಮೇಜಿನ ಮೇಲಿನ ಚಿತ್ರವನ್ನೇ ನೋಡುತ್ತ ನಿಂತ. ನೂರು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಯಾವುದೋ ಬ್ಯಾಲೆ ನೃತ್ಯಕ್ಕೆಂದು ಬರೆದ ಉಡುಪಿನ ಚಿತ್ರ. ಕಡಲರಾಣಿ. ನೀಲಿ ಇಜಾರ, ಸೊಂಟದ ತುಂಬ ಮುತ್ತಿನ ಸರ, ತಲೆಗೆ ಹವಳದ ಕಿರೀಟ, ಒಂದು ಕಾಲು ಗಾಳಿಯಲ್ಲಿ. ನಿನ್ನೆಯವರೆಗೆ ಅವಳ ಹಣೆ ಬೋಳಾಗಿತ್ತು. ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಬಂದ ಅವ್ವ ಒದ್ದೆ ಬೆರಳಿನಿಂದ ಆ ಹಣೆಗೆ ಕಾಸಿನಗಲ ಕುಂಕುಮ ಇಟ್ಟುಬಿಟ್ಟಿದ್ದಳು. ನೀರು ಇಳಿದು, ಮೂಗಿನ ಬಣ್ಣವನ್ನೂ ಎಳೆದುಕೊಂಡು, ತುಟಿಯವರೆಗೆ ಒಂದು ಕೆಂಪು ಗೆರೆ.

ಹಾಳಾದದ್ದು ತಾನು ಬರೆದ ಕಾಪಿಯಾಗಿದ್ದರೆ ಮಲ್ಲೇಶ ನಕ್ಕು ಇನ್ನೊಂದು ಬರೆಯುತ್ತಿದ್ದ. ಹಾಳಾದದ್ದು ಮೂಲ.

“ಎರಡೂ ಇಲ್ಲೇ ಇದ್ವು,” ಎಂದಳು ಗಾಯತ್ರಿ. “ಹೋಗಿ ಹೋಗಿ ಅತ್ತಿ ಇದಕ್ಕೇ ಇಡಬೇಕಾ?”

ಚಿತ್ರ ಸಂಡೂರಿನ ಗಂಗಾಂಬಿಕಾ ಮೇಡಂ ಅವರದು. ಅವರ ದೊಡ್ಡಮ್ಮ ಹೊರದೇಶದಲ್ಲಿದ್ದಾಗ ಕೂಡಿಸಿಟ್ಟ ಚಿತ್ರಗಳಲ್ಲಿ ಒಂದು. ಮೂಲಗಳನ್ನು ಭದ್ರವಾಗಿ ಒಳಗಿಟ್ಟು, ಕೈಯಿಂದ ಬರೆಸಿದ ಕಾಪಿಗಳನ್ನು ಜನ ನೋಡುವಂತೆ ಗೋಡೆಗೆ ಹಾಕಬೇಕೆಂದು ಮೇಡಂ ಆಸೆ. ಅದಕ್ಕಾಗಿ ಮರಿಯಮ್ಮನಹಳ್ಳಿಯಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಮಲ್ಲೇಶನನ್ನು ಹುಡುಕಿಕೊಂಡು ಬಂದಿದ್ದರು. ಪರದೆಗಳ ಕಾಲ ಮುಗಿದು, ಅಂಗಡಿ ಬೋರ್ಡಿಗೂ ಫ್ಲೆಕ್ಸ್ ಬಂದು, ಅವನ ಕುಂಚ ಒಣಗಿ ಕೂತಿದ್ದ ಹೊತ್ತು. “ಇದೊಂದು ಸರಿ ಬಂದ್ರ ಉಳಿದವೂ ನಿಮಗೇ,” ಎಂದಿದ್ದರು. “ಕಂದಿದ ಅಂಚು, ಮಡಿಕೆ, ಪೆನ್ಸಿಲ್ ಗೀಚು, ಏನೂ ಬಿಡಬ್ಯಾಡ್ರಿ.”

ಅವನು ಏನನ್ನೂ ಬಿಟ್ಟಿರಲಿಲ್ಲ. ಚಹಾದ ನೀರಲ್ಲಿ ಕಾಗದ ಕಂದಿಸಿದ್ದ. ಮೂಲೆಯಲ್ಲಿದ್ದ ಪರಭಾಷೆಯ ಅಕ್ಷರಗಳನ್ನು ಬಳ್ಳಿ ಬರೆದಂತೆ ಬರೆದಿದ್ದ. ಆ ಕಾಪಿ ಈಗ ಪಕ್ಕದಲ್ಲೇ ಬೋಳು ಹಣೆಯಲ್ಲಿ ಮಲಗಿತ್ತು.

“ಖರೇ ಹೇಳಿಬಿಡ್ರಿ.”

“ಹೇಳಿದ್ರ ಕೆಲಸ ಹೋತು. ಇನ್ನ ಅವ್ವಗ ತಿಳಿದ್ರ ಆಕಿ ಅನ್ನನೇ ಬಿಡ್ತಾಳ. ಆಕಿಗೆ ಏನೂ ಹೇಳಬ್ಯಾಡ ನೀ.”

“ಮತ್ತೇನ್ ಮಾಡ್ತೀರಿ?”

ಮಲ್ಲೇಶ ಎರಡು ಹಾಳೆಗಳ ಜಾಗ ಬದಲಿಸಿದ. ಕಾಪಿ ಮೂಲದ ಕವರಿಗೆ ಹೋಯಿತು. ಮೂಲ ಕಾಪಿಯಾಯಿತು.

“ಅಯ್ಯೋ, ಆಯಮ್ಮ ಏನ್ ಕುರುಡೀನಾ?”

ಹೊರಗೆ ಕಾರಿನ ಬಾಗಿಲು ಬಡಿಯಿತು.

ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ಮುದುಕಮ್ಮ “ಬಾರವ್ವಾ, ಬಿಸಿಲಾಗ ಬಂದಿ,” ಎಂದದ್ದು ಕೇಳಿಸಿತು. ಅವ್ವನ ಬಾಯಿಗೆ ಬೀಗವಿಲ್ಲ.

“ಬರ್ರಿ ಮೇಡಂ, ಕುಂದ್ರಿ.”

ಗಂಗಾಂಬಿಕಾ ಕೂರಲಿಲ್ಲ. ಮಲ್ಲೇಶ ಕವರ್ ಮುಂದೆ ಚಾಚಿದ. “ಇದು ನಿಮ್ದು. ಕಾಪಿಗೆ ಸ್ವಲ್ಪ ಅವಘಡ ಆತ್ರಿ. ಇನ್ನೊಂದು ಬರಕೊಡ್ತೀನಿ.”

ಆಕೆ ಚೀಲದಿಂದ ಭೂತಗನ್ನಡಿ ತೆಗೆದರು. ಕಿರೀಟ ನೋಡಿದರು. ಮುತ್ತುಗಳ ಮೇಲೆ ಒಂದೊಂದಾಗಿ ಗಾಜು ಸರಿಸಿದರು. ಫ್ಯಾನು ಜೋರಾಗಿ ತಿರುಗುತ್ತಿತ್ತು, ಮಲ್ಲೇಶನ ಬೆನ್ನು ಮಾತ್ರ ತೊಯ್ದಿತ್ತು.

“ಈ ಕಾಲಿನ ಗೆರಿ ನೋಡ್ರಿ. ಒಂದೇ ಉಸಿರಿಗೆ ಎಳದಾನ. ಎಂಥಾ ಕೈ ಇರಬೇಕು!”

“ಭಾರೀ ಕೈ ಬಿಡ್ರಿ,” ಎಂದ ಮಲ್ಲೇಶ.

ಆಕೆ ಕನ್ನಡಿ ಕೆಳಗಿಟ್ಟು ಇನ್ನೊಂದು ಹಾಳೆಯತ್ತ ತಿರುಗಿದರು. “ಇದಕ್ಕ ಏನಾತು?”

ಅವನು ಬಾಯಿ ತೆರೆಯುವಷ್ಟರಲ್ಲಿ ಮುದುಕಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕುಂಕುಮದ ಭರಣಿ.

“ನಾನವ್ವಾ ಇಟ್ಟಾಕಿ. ಹೊರಗಿಂದ ಮನಿಗೆ ಬಂದ ಹೆಣ್ಮಗಳನ್ನ ಬರೇ ಹಣೀಲೆ ಕಳಸೋ ಪದ್ಧತಿ ನಮ್ಮಲ್ಲಿಲ್ಲ. ಚಂದ ಕಾಣಸ್ತಾಳಲ್ಲ?”

ಮಲ್ಲೇಶ ಕಾದ. ಅವ್ವ ಅಷ್ಟಕ್ಕೇ ನಿಲ್ಲಿಸಿದಳು. ಮೂಲ ಅನ್ನಲಿಲ್ಲ, ಕಾಪಿ ಅನ್ನಲಿಲ್ಲ. ಆ ಮಾತುಗಳೇ ಅವಳಿಗೆ ಗೊತ್ತಿರಲಿಲ್ಲ. ಬದುಕಿದೆ ಅಂದುಕೊಂಡ ಅವನು.

ಗಂಗಾಂಬಿಕಾ ಒಮ್ಮೆ ಈ ಹಾಳೆ ನೋಡಿದರು, ಒಮ್ಮೆ ಆ ಹಾಳೆ. ಆಮೇಲೆ ಮುದುಕಮ್ಮನ ಮುಖವನ್ನು ಬಹಳ ಹೊತ್ತು.

“ಭಾಳ ಚಂದ ಕಾಣಸ್ತಾಳಮ್ಮ,” ಎಂದರು ಕೊನೆಗೆ. “ಎರಡೂ ಒಯ್ತೀನಿ ಮಲ್ಲೇಶ್.”

“ಕೆಟ್ಟ ಕಾಪಿ ಯಾಕ್ರಿ ಮೇಡಂ?”

“ಇರ್ಲಿ ಬಿಡ್ರಿ. ಉಳಿದ ಚಿತ್ರ ಮುಂದಿನ ವಾರ ಕಳಸ್ತೀನಿ. ಅವೂ ನೀವೇ ಬರೀಬೇಕು.”

ಮಲ್ಲೇಶ ಕೈ ಮುಗಿದ. ಉತ್ತರ ಕೊಟ್ಟವಳು ಮುದುಕಮ್ಮ.

“ಬರ್ಲಿ ಬಿಡವ್ವಾ, ಎಲ್ಲಾರೂ ಬರ್ಲಿ. ಒಬ್ಬಾಕಿನೂ ಬರೇ ಹಣೀಲೆ ಕಳಸಂಗಿಲ್ಲ ನಾನು.”

ಗಂಗಾಂಬಿಕಾ ಜೋರಾಗಿ ನಕ್ಕರು. ಮುದುಕಿಯ ಮುಂದೆ ತಲೆ ಬಾಗಿಸಿ ಹಣೆ ಒಡ್ಡಿದರು. “ಬ್ಯಾಡಮ್ಮ. ಅವರೆಲ್ಲಾರ ಪಾಲಿಂದೂ ನನಗೇ ಇಟ್ಟುಬಿಡ್ರಿ.”

ಮಲ್ಲೇಶ ಕಿಟಕಿಗೆ ಬಂದು ನಿಂತ. ರಸ್ತೆಯಲ್ಲಿ ಲಾರಿಗಳ ಧೂಳು. ಮೂಲವೆಂದು ಅವನು ಕೊಟ್ಟ ಕವರನ್ನು ಗಂಗಾಂಬಿಕಾ ಡ್ರೈವರನ ಕೈಗಿತ್ತು ಡಿಕ್ಕಿಯತ್ತ ಬೆರಳು ತೋರಿಸಿದರು. ಕೆಟ್ಟ ಕಾಪಿಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು ಒಳಗೆ ಕೂತು, ಮಡಿಲಲ್ಲಿಟ್ಟುಕೊಂಡು, ಬಿಸಿಲು ತಾಗದಂತೆ ಅದರ ಮೇಲೆ ಸೆರಗು ಎಳೆದರು.